ಶ್ರಮದಾನಕ್ಕೆ ಅಂಕ, ಊರಿಗೆ ಏನು?

ನಮ್ಮ ಭಾಗದ ಪದವಿ ಕಾಲೇಜುಗಳ ಗೋಡೆಯ ಮೇಲೆ ಒಂದು ಫೋಟೊ ಇದ್ದೇ ಇರುತ್ತದೆ. ಟೋಪಿ ಹಾಕಿದ ವಿದ್ಯಾರ್ಥಿಗಳು ಹಳ್ಳಿಯ ಶಾಲೆಯ ಮುಂದೆ ಕಸಬರಿಗೆ ಹಿಡಿದು ನಿಂತಿರುತ್ತಾರೆ. ನಡುವೆ ಪ್ರಿನ್ಸಿಪಾಲರು, ಪಕ್ಕದಲ್ಲಿ ಪಂಚಾಯತಿ ಅಧ್ಯಕ್ಷರು. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ವಿಶೇಷ ಶಿಬಿರ. ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೀಗೆ ನಿಂತವರಲ್ಲಿ ನಾನೂ ಒಬ್ಬ. ಮೂರನೆಯ ದಿನ ಬೋರ್‌ವೆಲ್ ಸುತ್ತಲಿನ ರಾಡಿ ತೆಗೆಯುತ್ತಿದ್ದಾಗ, ಕೊಡ ಇಟ್ಟುಕೊಂಡು ನಿಂತಿದ್ದ ಹೆಣ್ಣುಮಗಳೊಬ್ಬಳು ಕೇಳಿದಳು: "ತಮ್ಮಾ, ಓದಿದವ್ರು ಅದೀರಿ. ನಮ್ಮ ಹುಡುಗರ ಹಲ್ಲು ಯಾಕ ಹಿಂಗ ಕಂದು ಆಗ್ಯಾವ? ಈ ನೀರಿಂದ ಏನು?" ನಮ್ಮ ತಂಡದಲ್ಲಿ ಬಿ.ಎಸ್ಸಿ. ರಸಾಯನಶಾಸ್ತ್ರ ಓದುವವರಿದ್ದರು. "ಕುದಿಸಿ ಆರಿಸಿ ಕುಡೀರಿ ಅಕ್ಕಾ" ಎಂದೆವು. ಅವಳು ತಲೆಯಾಡಿಸಿದಳು. ನಾವು ರಾಡಿ ಎತ್ತಿದೆವು.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ತಪ್ಪು ಸಲಹೆಯನ್ನೂ ಸೇರಿಸಿಯೇ ನಮಗೆ ಪ್ರಮಾಣಪತ್ರ ಸಿಕ್ಕಿತ್ತು.

ಸೇವೆಯನ್ನು ವಿಶ್ವವಿದ್ಯಾಲಯದ ಓದಿಗೆ ಜೋಡಿಸಬೇಕು ಎಂಬ ಮಾತು ಈಗ ಮತ್ತೆ ಕೇಳಿಬರುತ್ತಿದೆ. ಮಾತು ಹೊಸದಲ್ಲ. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ ರಾಷ್ಟ್ರಸೇವೆಯನ್ನು ಕಡ್ಡಾಯ ಮಾಡಿ ಎಂದಿತು. ಬೇರೆ ದೇಶಗಳ ಅನುಭವ ನೋಡಿದ ಕೆ.ಜಿ. ಸೈಯಿದೈನ್, ಬೇಡ, ಸ್ವಇಚ್ಛೆಯಿಂದ ಬರಲಿ ಎಂದರು. ವಾರ್ಧಾ ಶಿಕ್ಷಣ ಯೋಜನೆಯ ಕಾಲದಲ್ಲಿ ಜಾಕಿರ್ ಹುಸೇನರ ಸಮಿತಿಯಲ್ಲಿದ್ದು, ಕೈಕೆಲಸ ಮತ್ತು ಕಲಿಕೆಯ ಸಂಬಂಧವನ್ನು ಬಲ್ಲವರು ಅವರು. ಕೊನೆಗೆ 1969ರ ಸೆಪ್ಟೆಂಬರ್ 24ರಂದು, ವಿ.ಕೆ.ಆರ್.ವಿ. ರಾವ್ ಶಿಕ್ಷಣ ಮಂತ್ರಿಯಾಗಿದ್ದಾಗ, 37 ವಿಶ್ವವಿದ್ಯಾಲಯಗಳಲ್ಲಿ ಎನ್ನೆಸ್ಸೆಸ್ ಶುರುವಾಯಿತು. ಎರಡು ವರ್ಷದಲ್ಲಿ 240 ಗಂಟೆ, ಒಂದು ಶಿಬಿರ. ಗಂಟೆಯ ಲೆಕ್ಕ ಇದೆ. ಆ ಗಂಟೆಗಳಲ್ಲಿ ಏನು ಕಲಿತರು ಎಂಬ ಲೆಕ್ಕ ಯಾರೂ ಇಟ್ಟಿಲ್ಲ. 2021ರಲ್ಲಿ ನಮ್ಮ ರಾಜ್ಯ ಹೊಸ ಶಿಕ್ಷಣ ನೀತಿಯನ್ನು ತರಾತುರಿಯಲ್ಲಿ ಜಾರಿ ಮಾಡಿದಾಗ ಎನ್ನೆಸ್ಸೆಸ್ಸಿಗೂ ಕ್ರೆಡಿಟ್ ಬಂತು. 2024ರಲ್ಲಿ ಸರ್ಕಾರ ಆ ಪಠ್ಯಕ್ರಮವನ್ನೇ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ನೀತಿ ಬಂತು, ನೀತಿ ಹೋಯಿತು, ಕಸಬರಿಗೆ ಮಾತ್ರ ಕೈಯಲ್ಲೇ ಉಳಿಯಿತು.

ನನ್ನ ತಕರಾರು ಕಸ ಗುಡಿಸುವುದರ ಬಗ್ಗೆ ಅಲ್ಲ. ಗುಡಿಸುವುದಕ್ಕೆ ಅಂಕ ಕೊಟ್ಟು, ಅದನ್ನೇ ಓದಿನ ಜೊತೆಗಿನ ಜೋಡಣೆ ಎಂದು ಕರೆಯುವ ಬಗ್ಗೆ. ಯಾದಗಿರಿಯ ಹುಡುಗನಿಗೆ ಹಳ್ಳಿ ತೋರಿಸಲು ಶಿಬಿರ ಬೇಕೇ? 2011ರ ಜನಗಣತಿಯಲ್ಲಿ ಸಾಕ್ಷರತೆ ಶೇಕಡ 52ನ್ನೂ ಮುಟ್ಟದೆ ರಾಜ್ಯದಲ್ಲಿ ಕಟ್ಟಕಡೆಗೆ ನಿಂತ ಜಿಲ್ಲೆ ನಮ್ಮದು. ಬೆಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುವ ಕುಟುಂಬಗಳಿಂದಲೇ ಈ ವಿದ್ಯಾರ್ಥಿಗಳು ಬರುತ್ತಾರೆ. ರಜೆಯಲ್ಲಿ ಹತ್ತಿ ಬಿಡಿಸಿ ಫೀಸು ಕಟ್ಟಿದ ಹುಡುಗಿಗೆ ಏಳು ದಿನ 'ಶ್ರಮದ ಘನತೆ' ಕಲಿಸುವುದು ಒಂದು ಕ್ರೂರ ತಮಾಷೆ. ಅವಳಿಗೆ ಶ್ರಮ ಗೊತ್ತು. ಆ ಶ್ರಮಕ್ಕೆ ಕೂಲಿ ಯಾಕೆ ಇಷ್ಟು ಕಡಿಮೆ, ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕೊನೆಯ ಹೊಲಕ್ಕೆ ಯಾಕೆ ತಲುಪುವುದಿಲ್ಲ — ಇದನ್ನು ಅವಳ ಅರ್ಥಶಾಸ್ತ್ರದ ಪಾಠ ಹೇಳಿಕೊಡಬೇಕಿತ್ತು.

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ನೆನಪು ಮಾಡಿಕೊಳ್ಳಿ. ಮಂಗಳೂರು (ಕರಾವಳಿಯದ್ದಲ್ಲ, ನಮ್ಮ ಸುರಪುರದ ಚಿನ್ನದ ಗಣಿಯ ಮಂಗಳೂರು) ಸುತ್ತಲಿನ ನೆಲದಲ್ಲಿ ಆರ್ಸೆನಿಕ್ ಇದೆ. ಲಂಬಾಣಿ ಜನ ಬೋರ್‌ವೆಲ್‌ನಲ್ಲಿ ಅದನ್ನೇ ಕುಡಿದರು. ಮೈಮೇಲೆ ಕಲೆ, ಅಂಗೈ ಅಂಗಾಲಿನಲ್ಲಿ ಗಂಟು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದ ವಿಷ ಅದು. ಆ ಊರಿನ ನೀರು, ಜನರ ಚರ್ಮ, ಕೂದಲು, ಉಗುರು ಪರೀಕ್ಷಿಸಿದ ವಿವರವಾದ ಅಧ್ಯಯನ 2013ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬಂತು. ಅದರ ಮುಂದಾಳು ಕೋಲ್ಕತ್ತದ ಜಾಧವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ. ಕೋಲ್ಕತ್ತ ಎಲ್ಲಿ, ಕಿರದಳ್ಳಿ ಎಲ್ಲಿ! ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ. ಸುರಪುರ, ಶಹಾಪುರ, ಯಾದಗಿರಿಯಲ್ಲಿ ಕಾಲೇಜುಗಳಿವೆ, ಪ್ರಯೋಗಶಾಲೆಗಳಿವೆ, ವರ್ಷ ವರ್ಷ ಶಿಬಿರಗಳು ನಡೆದಿವೆ. ಇಷ್ಟಿದ್ದೂ ತಾಂಡಾದ ಜನರ ಅಂಗೈ ನೋಡುವ ಕೆಲಸ ನಮ್ಮ ಪಠ್ಯದ ಭಾಗ ಆಗಿರಲಿಲ್ಲ.

ಆಗುವುದಿಲ್ಲ ಎನ್ನುವವರಿಗೆ ಒಂದು ಉದಾಹರಣೆ. 2005ರಿಂದ 'ಪ್ರಥಮ್' ಸಂಸ್ಥೆ ನಡೆಸುತ್ತಿರುವ ಅಸರ್ ಸಮೀಕ್ಷೆಯಲ್ಲಿ ಸ್ಥಳೀಯ ಯುವಕ ಯುವತಿಯರೇ, ಎಷ್ಟೋ ಕಡೆ ಕಾಲೇಜು ವಿದ್ಯಾರ್ಥಿಗಳೇ, ತರಬೇತಿ ಪಡೆದು ಮನೆ ಮನೆಗೆ ಹೋಗುತ್ತಾರೆ. ಮಗುವಿನ ಕೈಗೆ ಎರಡನೇ ತರಗತಿಯ ಪಾಠ ಕೊಟ್ಟು ಓದಿಸುತ್ತಾರೆ. ಕೆಲವೇ ದಿನದ ಕೆಲಸ. ಅದರಿಂದ ಬಂದ ಅಂಕಿ ಅಂಶ ದೇಶದ ಶಿಕ್ಷಣ ಇಲಾಖೆಗಳ ನಿದ್ದೆ ಕೆಡಿಸಿದೆ. ಸ್ವಯಂಸೇವಕ ಅದೇ ಹುಡುಗ. ಕೈಗೆ ಕೊಟ್ಟ ಸಾಧನ ಬೇರೆ, ಅಷ್ಟೆ.

ಅಂಕ ಕೊಟ್ಟರೆ ಸೇವೆಯ ಭಾವನೆ ಕೆಡುತ್ತದೆ ಎಂದು ಕೆಲವು ಹಿರಿಯರು ನೊಂದುಕೊಳ್ಳುತ್ತಾರೆ. ಪ್ರಮಾಣಪತ್ರಕ್ಕೆ ಸಹಿ ಹಾಕುವವರೇ ಹೀಗೆ ಹೇಳಿದರೆ ನಗು ಬರುತ್ತದೆ. ನನ್ನ ಹೆದರಿಕೆ ಬೇರೆ. ಕ್ರೆಡಿಟ್ ಎಂದ ಕೂಡಲೇ ಅದು ಕಡ್ಡಾಯ. ಕಡ್ಡಾಯ ಎಂದ ಕೂಡಲೇ ಬಸ್ ಚಾರ್ಜು, ಊಟ, ಕಳೆದುಕೊಂಡ ಕೂಲಿ ಎಲ್ಲ ಬಡ ವಿದ್ಯಾರ್ಥಿಯ ತಲೆಗೆ. ನಮ್ಮ ಅಜ್ಜಂದಿರು ಜಾಗೀರದಾರರ ಕಾಲದಲ್ಲಿ ಇದನ್ನು ಬಿಟ್ಟಿ ಚಾಕರಿ ಎನ್ನುತ್ತಿದ್ದರು. ಹಣ ಕೊಡದೆ ಗಂಟೆ ಕೇಳುವ ಹಕ್ಕು ಯಾವ ವಿಶ್ವವಿದ್ಯಾಲಯಕ್ಕೂ ಇಲ್ಲ.

ಹೆಣ್ಣುಮಕ್ಕಳ ಮಾತು ಬಂದಾಗ ಎಲ್ಲರೂ ಮೌನ. ಏಳು ರಾತ್ರಿ ಹೊರಗಿರಬೇಕು ಎಂದರೆ ನಮ್ಮ ಮೊಹಲ್ಲಾಗಳ ಎಷ್ಟೋ ಅಬ್ಬಾ-ಅಮ್ಮಿ ಒಪ್ಪುವುದಿಲ್ಲ. ಹಿಂದೂ ಮನೆಗಳಲ್ಲೂ ಪರಿಸ್ಥಿತಿ ಬಹಳ ಬೇರೆಯಿಲ್ಲ. ಒಪ್ಪಿಸಬೇಕು, ಜಗಳವಾಡಬೇಕು, ಅದು ನಮ್ಮ ಸಮುದಾಯದ ಒಳಗಿನ ಕೆಲಸ, ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಆ ಜಗಳ ಮುಗಿಯುವವರೆಗೆ ಹುಡುಗಿಯ ಅಂಕ ಕಡಿಯಬೇಕೇ? ತನ್ನದೇ ಗಲ್ಲಿಯಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳು ಎಷ್ಟು, ಯಾವ ತರಗತಿಗೆ ಬಿಟ್ಟರು, ಯಾಕೆ ಬಿಟ್ಟರು ಎಂದು ಸಮಾಜಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಬರೆದು ತಂದರೆ, ಅದನ್ನು ಮೇಷ್ಟ್ರು ಓದಿ, ಪ್ರಶ್ನೆ ಕೇಳಿ, ಅಂಕ ಕೊಡಲಿ. ಗಂಡಸರಿಗೆ ತೆರೆಯದ ಬಾಗಿಲು ಅವಳಿಗೆ ತೆರೆಯುತ್ತದೆ. ಇಂಥ ವರದಿ ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ.

ಯಾದಗಿರಿ, ರಾಯಚೂರು ಜಿಲ್ಲೆಯ ಕಾಲೇಜುಗಳು ಈಗ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ. ಪಠ್ಯ ನಿಗದಿ ಮಾಡುವವರು ಮೊದಲಿನಷ್ಟು ದೂರದವರಲ್ಲ. 371(ಜೆ) ನಮಗೆ ಸೀಟು ಕೊಟ್ಟಿದೆ. ಆ ಸೀಟಿನಲ್ಲಿ ಕುಳಿತು ಏನು ಓದಬೇಕು ಎಂದು ಕೇಳುವುದು ನಮ್ಮ ಪಾಲಿಗೆ ಬಿಟ್ಟದ್ದು. 2019ರ ಜಲಜೀವನ ಮಿಷನ್ ಪ್ರಕಾರ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಬರಬೇಕು, ಪ್ರತಿ ಊರಿನ ಐವರು ಹೆಣ್ಣುಮಕ್ಕಳಿಗೆ ತರಬೇತಿ ಸಿಗಬೇಕು. ಬಂದಿದೆಯೇ, ಸಿಕ್ಕಿದೆಯೇ, ಕಿಟ್ ಪಂಚಾಯತಿ ಕಪಾಟಿನಲ್ಲಿ ಬೀಗದ ಒಳಗಿದೆಯೇ ಎಂದು ನೋಡುವುದೇ ರಸಾಯನಶಾಸ್ತ್ರ ವಿಭಾಗಕ್ಕೆ ಒಂದು ಸೆಮಿಸ್ಟರಿನ ಕೆಲಸ. ಈ ಸಲದ ಶಿಬಿರಕ್ಕೆ ಹೋಗುವಾಗ ಕಸಬರಿಗೆಗಳ ಜೊತೆ ಒಂದಿಷ್ಟು ತೊಳೆದ ಬಾಟಲಿಗಳನ್ನೂ ಟ್ರ್ಯಾಕ್ಟರಿಗೆ ಹಾಕಿ. ಬೋರ್‌ವೆಲ್‌ಗೊಂದು ಬಾಟಲಿ, ಮೇಲೆ ಊರಿನ ಹೆಸರು, ತಾರೀಖು. ಫಲಿತಾಂಶ ಬಂದ ಮೇಲೆ ಅದೇ ವಿದ್ಯಾರ್ಥಿಗಳು ಅದೇ ಊರಿಗೆ ಮತ್ತೊಮ್ಮೆ ಹೋಗಿ, ಕೊಡ ಹಿಡಿದು ನಿಂತವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಲಿ.