ಯಂತ್ರ ಬಂತು, ಬಾಯಿ ತೊಳೆಯುವ ಕೈ ಎಲ್ಲಿ?

ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಸೋದರಮಾವನಿಗೆ ಕೆಲವು ವರ್ಷಗಳ ಹಿಂದೆ ರಾತ್ರಿ ಮಲಗಿದ್ದಾಗ ಹಾವು ಕಚ್ಚಿತು. ಉಸಿರಾಟದ ಸ್ನಾಯುಗಳು ಸೋತವು. ಶಿಕಾರಿಪುರ ದಾಟಿ ದೂರದ ನಗರದ ಆಸ್ಪತ್ರೆಯೊಂದನ್ನು ತಲುಪಿದಾಗ ಬೆಳಕು ಹರಿದಿತ್ತು. ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಜೋಡಿಸಿದರು. ಮೂರನೆಯ ದಿನ ಅವರು ಬೆರಳಾಡಿಸಿದಾಗ ನಾವೆಲ್ಲ ಗೆದ್ದೆವೆಂದೇ ತಿಳಿದೆವು. ಐದನೆಯ ದಿನ ಜ್ವರ ಏರಿತು, ಎದೆಯಲ್ಲಿ ಕಫ ಕಟ್ಟಿತು. ವೈದ್ಯರು ನ್ಯುಮೋನಿಯಾ ಎಂದರು. ಮತ್ತೆ ಹನ್ನೊಂದು ದಿನ ಯಂತ್ರದ ಮೇಲೆಯೇ ಕಳೆಯಿತು. ಮಾವ ಬದುಕಿ ಬಂದರು. ಆದರೆ ತೋಟದ ಮೇಲೆ ಸಾಲ ಬಿತ್ತು.

ಆ ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಸಣ್ಣ ಮಾತುಕತೆ. ಒಳಗೆ ಹೋಗಿ ನೋಡಿದ ಅತ್ತೆ, ಮಾವನ ಒಡೆದ ತುಟಿಯನ್ನೂ ಬಿಳಿ ಪದರ ಕಟ್ಟಿದ ನಾಲಗೆಯನ್ನೂ ಕಂಡು, ‘ಇವರ ಬಾಯಿ ಒಂದ್ಸಲ ತೊಳೀಬಾರ್ದೇನಮ್ಮಾ?’ ಎಂದು ದಾದಿಯನ್ನು ಕೇಳಿದರು. ಆ ಹುಡುಗಿ ಸಿಡುಕಲಿಲ್ಲ. ‘ಎಂಟು ಜನಕ್ಕೆ ನಾವಿಬ್ಬರೇ ಇರೋದಮ್ಮಾ, ಇಂಜೆಕ್ಷನ್ ಕೊಟ್ಟು ಮುಗಿಸೋದ್ರಲ್ಲೇ ಪಾಳಿ ಮುಗಿಯುತ್ತೆ’ ಎಂದಳು.

ಮಾವನ ನ್ಯುಮೋನಿಯಾಕ್ಕೆ ತೊಳೆಯದ ಬಾಯಿಯೇ ಕಾರಣವೆಂದು ನಾನು ಹೇಳಲಾರೆ. ಆದರೆ ಅತ್ತೆ ಕೇಳಿದ್ದು ಅಮಾಯಕ ಪ್ರಶ್ನೆಯಾಗಿರಲಿಲ್ಲ. ವೈದ್ಯಶಾಸ್ತ್ರವೂ ಬಹುಕಾಲದಿಂದ ಅದನ್ನೇ ಕೇಳುತ್ತಿದೆ.

ಆರೋಗ್ಯವಂತರ ಬಾಯಿಯನ್ನು ಎಂಜಲು ಸದಾ ತೊಳೆಯುತ್ತಿರುತ್ತದೆ. ನುಂಗುವುದು ಮತ್ತು ಕೆಮ್ಮುವುದು ಶ್ವಾಸಕೋಶವನ್ನು ಕಾಯುತ್ತವೆ. ಪ್ರಜ್ಞೆಯಿಲ್ಲದೆ, ಬಾಯಿ ತೆರೆದು, ನಳಿಕೆ ಕಚ್ಚಿಕೊಂಡು ಮಲಗಿದವರಿಗೆ ಈ ಕಾವಲುಗಳಾವುವೂ ಇಲ್ಲ. ಬಾಯಿ ಒಣಗುತ್ತದೆ, ಹಲ್ಲಿನ ಮೇಲಿನ ಪಾಚಿಯಲ್ಲಿ ಕೆಲವೇ ದಿನಗಳಲ್ಲಿ ಆಸ್ಪತ್ರೆಯ ಅಪಾಯಕಾರಿ ರೋಗಾಣುಗಳು ಮನೆಮಾಡುತ್ತವೆ. ನಳಿಕೆಯ ತುದಿಯಲ್ಲಿ ಗಾಳಿ ತುಂಬಿದ ಪುಟ್ಟ ಬಲೂನು ಇರುತ್ತದೆ. ಅದರ ಮೇಲೆ ನಿಂತ ಎಂಜಲು ಸಂದುಗಳಿಂದ ಕೆಳಗೆ ಜಿನುಗುತ್ತದೆ. ನಳಿಕೆ ಹಾಕಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುವ ಸೋಂಕನ್ನು ವೆಂಟಿಲೇಟರ್ ನ್ಯುಮೋನಿಯಾ ಎನ್ನುತ್ತಾರೆ. ಎಲೆಯಡಿಕೆ, ಹೊಗೆಸೊಪ್ಪಿನ ಅಭ್ಯಾಸ ವ್ಯಾಪಕವಾಗಿರುವ ನಮ್ಮ ಸೀಮೆಯಲ್ಲಿ ಅನೇಕರು ಆಸ್ಪತ್ರೆಗೆ ಬರುವಾಗಲೇ ಅವರ ವಸಡು ಹಾಳಾಗಿರುತ್ತದೆ.

ಇದಕ್ಕೆ ಪರಿಹಾರವಾಗಿ ಬಹಳ ವರ್ಷ ಕ್ಲೋರ್‌ಹೆಕ್ಸಿಡಿನ್ ಎಂಬ ದ್ರಾವಣವನ್ನು ಬಾಯಿಗೆ ಸವರುವುದೇ ರೂಢಿಯಾಗಿತ್ತು. ಹತ್ತಿಯಲ್ಲಿ ಅದ್ದಿ ಒರೆಸಿದರೆ ಕರ್ತವ್ಯ ಮುಗಿಯುತ್ತಿತ್ತು. 2014ರಿಂದೀಚೆಗೆ ಈ ನಂಬಿಕೆ ಅಲುಗಾಡಿತು. ಅದರಿಂದ ಜೀವ ಉಳಿಯುತ್ತದೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ಹಾನಿಯಾಗಬಹುದೆಂಬ ಶಂಕೆಯೂ ಮೂಡಿತು. 2022ರಲ್ಲಿ ಅಮೆರಿಕದ ಸೋಂಕು ನಿಯಂತ್ರಣ ತಜ್ಞರ ಸಂಘಗಳು ತಮ್ಮ ಮಾರ್ಗಸೂಚಿಯನ್ನು ಪರಿಷ್ಕರಿಸಿ, ಕ್ಲೋರ್‌ಹೆಕ್ಸಿಡಿನ್ ಬೇಡವೆಂದೂ ಬ್ರಷ್ಷಿನಿಂದ ದಿನವೂ ಹಲ್ಲುಜ್ಜುವುದು ಅಗತ್ಯ ಕ್ರಮವೆಂದೂ ಹೇಳಿದವು. 15 ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರ ಡಿಸೆಂಬರಿನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹಲ್ಲುಜ್ಜಿದ ರೋಗಿಗಳಲ್ಲಿ ಆಸ್ಪತ್ರೆಯಲ್ಲಿ ತಗಲುವ ನ್ಯುಮೋನಿಯಾ ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾಗಿತ್ತು. ಹೆಚ್ಚಿನ ಪ್ರಯೋಜನ ಕಂಡದ್ದು ವೆಂಟಿಲೇಟರಿನ ಮೇಲಿದ್ದವರಲ್ಲಿ. ತೀವ್ರ ನಿಗಾ ಘಟಕದ ಸಾವುಗಳೂ ಇಳಿದಿದ್ದವು. ದಿನಕ್ಕೆ ಎರಡು ಬಾರಿ ಉಜ್ಜಿದರೆ ಸಾಕೆಂದೂ ಅದು ತೋರಿಸಿತು.

ಈಗ ನಮ್ಮ ಸರ್ಕಾರಗಳ ಲೆಕ್ಕವನ್ನು ನೋಡೋಣ. 2020ರ ಮೇ ತಿಂಗಳಲ್ಲಿ ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರುಗಳಿಗಾಗಿ 2,000 ಕೋಟಿ ರೂಪಾಯಿ ನಿಗದಿಯಾಯಿತು. ಅಂದರೆ ಒಂದಕ್ಕೆ ನಾಲ್ಕು ಲಕ್ಷ. ಕೋವಿಡ್ ಕಾಲದಲ್ಲಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದವು. ನಡೆಸಬಲ್ಲ ಸಿಬ್ಬಂದಿಯಿಲ್ಲದೆ ಅವು ಮೂಲೆ ಸೇರಿದ ವರದಿಗಳನ್ನೂ ನಾವು ಪತ್ರಿಕೆಗಳಲ್ಲಿ ಓದಿದೆವು. ಯಂತ್ರ ಖರೀದಿಗೆ ಉದ್ಘಾಟನೆಯಿದೆ, ಛಾಯಾಚಿತ್ರವಿದೆ. ಮೂವತ್ತು ರೂಪಾಯಿಯ ಮೃದು ಬ್ರಷ್ಷಿಗೆ ಅವೆರಡೂ ಇಲ್ಲ.

ಬ್ರಷ್ಷು ಅಗ್ಗವೆಂದು ಕೆಲಸವೂ ಸುಲಭವೆಂದು ತಿಳಿಯಬಾರದು. ನಳಿಕೆಯಿರುವ ಬಾಯಿಯನ್ನು ಉಜ್ಜುವಾಗ ತಲೆಯ ಭಾಗವನ್ನು ಎತ್ತರಿಸಿರಬೇಕು, ಬಲೂನಿನ ಒತ್ತಡ ಸರಿಯಿರಬೇಕು, ನಳಿಕೆ ಕದಲದಂತೆ ಹಿಡಿದು, ನೀರನ್ನು ಆಗಿಂದಾಗ್ಗೆ ಹೀರಿ ತೆಗೆಯಬೇಕು. ಇದಕ್ಕೆ ತರಬೇತಿ ಬೇಕು, ಬಿಡುವು ಬೇಕು. ವೆಂಟಿಲೇಟರಿನ ಮೇಲಿರುವ ಒಬ್ಬ ರೋಗಿಗೆ ಒಬ್ಬ ದಾದಿಯೆಂಬುದು ಒಪ್ಪಿತ ಮಾನದಂಡ. ಎಂಟು ಹಾಸಿಗೆಗೆ ಇಬ್ಬರಿರುವಲ್ಲಿ ಮೊದಲು ಕೈಬಿಟ್ಟುಹೋಗುವುದು ಬಾಯಿಯ ಆರೈಕೆಯೇ, ಏಕೆಂದರೆ ಅದು ತಪ್ಪಿದರೆ ಯಾವ ಯಂತ್ರವೂ ಕಿರುಚುವುದಿಲ್ಲ.

ಈ ಸೀಮೆಯವರಿಗೆ ವೆಂಟಿಲೇಟರು ದೂರದ ಮಾತಲ್ಲ. ಹಾವು ಕಡಿತ, ಕೀಟನಾಶಕ ಸೇವನೆ, ರಸ್ತೆ ಅಪಘಾತಗಳು ಇಲ್ಲಿಯವರನ್ನು ಶಿವಮೊಗ್ಗದತ್ತ ಕಳಿಸುತ್ತಲೇ ಇರುತ್ತವೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಒಬ್ಬ ರೋಗಿ ನ್ಯುಮೋನಿಯಾದಿಂದ ಹೆಚ್ಚುವರಿಯಾಗಿ ಹತ್ತು ದಿನ ಯಂತ್ರ ಹಿಡಿದಿದ್ದರೆ, ಅಷ್ಟೂ ದಿನ ಇನ್ನೊಬ್ಬರು ಆಂಬುಲೆನ್ಸಿನಲ್ಲಿ ಹಾಸಿಗೆ ಹುಡುಕುತ್ತ ಅಲೆಯಬೇಕಾಗುತ್ತದೆ.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ರೋಗಿಯ ದಾಖಲೆಯಲ್ಲಿ ಔಷಧಗಳ ಜತೆಗೆ ‘ಬೆಳಿಗ್ಗೆ, ರಾತ್ರಿ ಹಲ್ಲುಜ್ಜಿದೆ’ ಎಂಬ ಕಾಲಮ್ಮೂ ಅದರ ಕೆಳಗೆ ಸಹಿಯೂ ಇರಲಿ. ಸರ್ಕಾರಿ ಆಸ್ಪತ್ರೆಗಳ ದಂತವೈದ್ಯರು ನಿಗಾ ಘಟಕಕ್ಕೂ ಬಂದು ದಾದಿಯರಿಗೆ ತರಬೇತಿ ಕೊಡಲಿ. ಸಾವಿರ ವೆಂಟಿಲೇಟರ್ ದಿನಗಳಿಗೆ ಎಷ್ಟು ನ್ಯುಮೋನಿಯಾ ಎಂಬ ಲೆಕ್ಕವನ್ನು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿ ಆಸ್ಪತ್ರೆಯೂ ಪ್ರಕಟಿಸಲಿ. ಎಲ್ಲಕ್ಕಿಂತ ಮೊದಲು, ಹೊಸ ಯಂತ್ರಕ್ಕೆ ಮಂಜೂರಾತಿ ಕೊಡುವ ಕಡತದಲ್ಲೇ ಅದರ ಪಕ್ಕ ನಿಲ್ಲುವ ದಾದಿಯ ಹುದ್ದೆಗೂ ಮಂಜೂರಾತಿ ಸಿಗಲಿ. ರೋಗಿಯ ಮನೆಯವರು ತಾವೇ ಬಾಯಿ ತೊಳೆಯಲು ಹೋಗಬಾರದು, ಅದು ಅಪಾಯ. ಆದರೆ ‘ಇವತ್ತು ಹಲ್ಲುಜ್ಜಿದಿರಾ?’ ಎಂದು ಕೇಳುವ ಹಕ್ಕು ಅವರಿಗಿದೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯ ಮಠವನ್ನು ವರ್ಣಿಸುವ ಹನ್ನೆರಡನೆಯ ಶತಮಾನದ ಶಾಸನವೊಂದಿದೆ. ದೀನರಿಗೆ ಅನ್ನವಿಕ್ಕುವ, ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಾನವೆಂದು ಅದು ಆ ಮಠವನ್ನು ಕೊಂಡಾಡುತ್ತದೆ. ಆರೈಕೆಯನ್ನು ಕಲ್ಲಿನಲ್ಲಿ ಕೆತ್ತುವಷ್ಟು ದೊಡ್ಡ ಸಂಗತಿಯೆಂದು ತಿಳಿದವರ ನೆಲ ಇದು. ಅದನ್ನು ಆಸ್ಪತ್ರೆಯ ದಾಖಲೆಯ ಒಂದು ಕಾಲಮ್ಮಿನಲ್ಲಿ ಬರೆಯಲು ನಮ್ಮಿಂದ ಆಗದೇ?