ಟಿಕೆಟ್ ಪುಕ್ಕಟೆ, ಬಸ್ಸೆಲ್ಲಿ?

ರಾಮದುರ್ಗ ತಾಲೂಕಿನ ಸಾಲಹಳ್ಳಿಯಂತಹ ಊರಿನಲ್ಲಿ ಬೈಕ್ ಇಲ್ಲದವರ ದಿನ ಹೇಗೆ ಸಾಗುತ್ತದೆಂದು ರಸ್ತೆ ಯೋಜನೆ ರೂಪಿಸುವವರು ಒಮ್ಮೆ ಬಂದು ನೋಡಬೇಕು. ತಾಲೂಕು ಆಸ್ಪತ್ರೆ, ಕೋರ್ಟು, ತಹಶೀಲ್ದಾರರ ಕಚೇರಿ ಎಲ್ಲವೂ ರಾಮದುರ್ಗದಲ್ಲಿ. ರೈಲಂತೂ ಇಲ್ಲ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮಾರ್ಗವಾಗಿ ಧಾರವಾಡಕ್ಕೆ ಹಳಿ ಹಾಕಿರೆಂದು ಕೇಳಿ ಕೇಳಿ ಜನರ ಗಂಟಲು ಒಣಗಿದೆ. ಉಳಿದದ್ದು ಬಸ್ಸು. ಅದು ತಪ್ಪಿದರೆ ಟಂಟಂ. ಅದೂ ಸಿಗದಿದ್ದರೆ ಕಾಲ್ನಡಿಗೆ.

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂತು. ಎರಡು ವರ್ಷ ತುಂಬಿ ಒಂದು ತಿಂಗಳಾಗುವಷ್ಟರಲ್ಲಿ ಮಹಿಳೆಯರ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಆದರೆ ಹೋಟೆಲಿನ ಕಟ್ಟೆಯ ಮೇಲೆ ಕುಳಿತವರ ಮಾತು ಕೇಳಿ: ಪುಕ್ಕಟೆ ಎಂದು ಹೆಂಗಸರು ಊರೂರು ಸುತ್ತುತ್ತಾರಂತೆ! ಇವರ ಬೈಕು, ಕಾರು ಓಡುವ ಡಾಂಬರು ರಸ್ತೆ ಯಾರ ದುಡ್ಡಿನದು? ಅದಕ್ಕೆ ಇವರು ಟಿಕೆಟ್ ಪಡೆದಿದ್ದಾರೆಯೇ? ಕಳೆ ತೆಗೆಯಲು ಹೋಗುವ ಹೆಂಗಸು ಬೆಂಕಿಪೆಟ್ಟಿಗೆ ಕೊಂಡರೂ ತೆರಿಗೆ ಕಟ್ಟುತ್ತಾಳೆ. ಆ ರಸ್ತೆಯಲ್ಲಿ ಅವಳಿಗೂ ಪಾಲಿದೆ.

ನನ್ನ ತಕರಾರು ಬೇರೆ. ಟಿಕೆಟ್ ಕೊಟ್ಟ ಸರಕಾರ ಅದಕ್ಕೆ ತಕ್ಕಷ್ಟು ಬಸ್ಸುಗಳನ್ನು ಹಳ್ಳಿಗಳಿಗೆ ಕೊಡಲಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ‘ಚಿಗರಿ’ ಬಸ್ಸುಗಳಿಗೆಂದೇ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ದಾರಿ ಮಾಡಿ 2018ರಲ್ಲಿ ಓಡಿಸಲಾಯಿತು. ಒಳ್ಳೆಯದೇ. ಹಳ್ಳಿಯವರು ಅಷ್ಟನ್ನು ಕೇಳುತ್ತಿಲ್ಲ. ಶಾಲೆ ಬಿಡುವ ಹೊತ್ತಿಗೆ ಒಂದು ಬಸ್ಸು ಸಾಕು ಎನ್ನುತ್ತಿದ್ದಾರೆ.

ಆ ಒಂದು ಬಸ್ಸಿನ ಮೇಲೆ ಹುಡುಗಿಯ ಓದು ನಿಂತಿರುತ್ತದೆ. ಸಂಜೆಯ ಬಸ್ಸು ಬರಲಿಲ್ಲ, ಮಗಳು ಕತ್ತಲಾದ ಮೇಲೆ ಮನೆ ಮುಟ್ಟಿದಳು. ಇದು ನಾಲ್ಕು ಸಲ ಆದರೆ ಸಾಕು, ‘ಓದಿದ್ದು ಸಾಕು, ಮನೆಯಲ್ಲಿರು’ ಎಂಬ ತೀರ್ಪು ಹೊರಬೀಳುತ್ತದೆ. ಅದೇ ಮನೆಯಲ್ಲಿ ಮಗನಿಗೆ ಸಾಲ ಮಾಡಿ ಬೈಕ್ ಕೊಡಿಸಿರುತ್ತಾರೆ. ಸರಕಾರವನ್ನು ಬೈಯುವಾಗ ಇದನ್ನೂ ನೆನಪಿಡೋಣ.

2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆ ಆರಂಭವಾಗಿತ್ತು. ಸೈಕಲ್ ಗಟ್ಟಿಯಿಲ್ಲ ಎಂಬ ದೂರುಗಳಿದ್ದವು, ನಿಜ. ದೂರು ಬಂದರೆ ಗಟ್ಟಿ ಸೈಕಲ್ ಕೊಡಬೇಕು. ಕೋವಿಡ್ ಬಂದದ್ದೇ ಹಂಚಿಕೆಯೇ ನಿಂತಿತು. ಇನ್ನು ಸೈಕಲ್ ಇದ್ದರೂ ಓಡಿಸುವುದು ಎಲ್ಲಿ? ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರಾಕ್ಟರುಗಳು ಬಂದರೆ ಮಗು ಹೊಲಕ್ಕೇ ಇಳಿಯಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು. ಕಾಲುದಾರಿ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿದೆ. ಊರೊಳಗಿನ ರಸ್ತೆ ಅಗಲಿಸುವಾಗ ಅಂಚಿನಲ್ಲಿ ನಾಲ್ಕು ಅಡಿ ಬಿಡಲು ಇನ್ನಾವ ಆದೇಶ ಬೇಕು?

ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ರಸ್ತೆ ಅಗಲಿಸಿ ಎಂದು ಎದ್ದುನಿಂತರೆ, ಸಂಜೆ ಐದರ ಬಸ್ಸು ಎಲ್ಲಿ ಎಂದು ಪಕ್ಕದವರು ಕೇಳಲಿ. ಆ ಸಭೆಗೆ ಹೆಂಗಸರನ್ನೂ ಕರೆಯಿರಿ. ಬಸ್ಸಿಗೆ ಕಾಯುವವರು ಅವರೇ ತಾನೆ.