ಅಳತೆಗೆ ಉದ್ಯಮ ಅಂಜಬೇಕಿಲ್ಲ

ನಗರದ ಗಾಳಿ ಕೆಟ್ಟಿತೆಂಬ ದೂರು ಎದ್ದಾಗ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ಕಾರ್ಖಾನೆಯ ಚಿಮಣಿ. ರಸ್ತೆಯ ದೂಳು, ವಾಹನಗಳ ಹೊಗೆ, ಬಯಲಿನಲ್ಲಿ ಸುಡುವ ಕಸ ಯಾರ ಖಾತೆಗೂ ಸೇರುವುದಿಲ್ಲ. ಆದುದರಿಂದ ಮಾಲಿನ್ಯದಲ್ಲಿ ಯಾರ ಪಾಲೆಷ್ಟು ಎಂಬ ಕರಾರುವಾಕ್ಕಾದ ಲೆಕ್ಕವು ಜನಾರೋಗ್ಯಕ್ಕೆ ಎಷ್ಟು ಅವಶ್ಯವೋ ಉದ್ಯಮದ ಹಿತಕ್ಕೂ ಅಷ್ಟೇ ಅವಶ್ಯ.

2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ವ್ಯಾಪ್ತಿಗೆ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಹಾಗೂ ಕಲಬುರಗಿ ಸೇರಿದವು. ಇಂತಹ ನಗರಗಳ ಕ್ರಿಯಾಯೋಜನೆ ಅಂದಾಜಿನ ಮೇಲೆ ನಿಂತರೆ, ಹಿಡಿಯಲು ಸುಲಭವಾದವರ ಮೇಲೆಯೇ ಭಾರ ಬೀಳುವುದು ಸಹಜ.

ಈ ವಿಷಯದಲ್ಲಿ ಗುಜರಾತಿನ ಸೂರತ್ ನಗರದ ಅನುಭವ ಗಮನಾರ್ಹ. ಹಿಂದೆ ಅಲ್ಲಿ ತನಿಖಾಧಿಕಾರಿ ಅಪರೂಪಕ್ಕೆ ತೆಗೆದ ಮಾದರಿಯೇ ಘಟಕದ ಭವಿಷ್ಯವನ್ನು ನಿರ್ಧರಿಸುತ್ತಿತ್ತು. 2019ರಲ್ಲಿ ಆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು, ಬಹುಪಾಲು ಜವಳಿ ಘಟಕಗಳೇ ಇದ್ದ ಒಂದು ಗುಂಪಿನ ಚಿಮಣಿಗಳಿಗೆ ನಿರಂತರ ಮಾಪಕಗಳನ್ನು ಅಳವಡಿಸಿ, ಅವೆಲ್ಲವೂ ಸೇರಿ ಹೊರಬಿಡಬಹುದಾದ ಕಣಗಳ ಒಟ್ಟು ತೂಕಕ್ಕೆ ಮಿತಿ ಹಾಕಿತು. ಆ ಮಿತಿಯೊಳಗೆ ಪರವಾನಗಿಗಳ ಕ್ರಯವಿಕ್ರಯಕ್ಕೆ ಅವಕಾಶ ನೀಡಿತು. ಅಗ್ಗದಲ್ಲಿ ಹೊಗೆ ತಗ್ಗಿಸಬಲ್ಲವನು ಹೆಚ್ಚು ತಗ್ಗಿಸಿ ಉಳಿಕೆಯನ್ನು ಮಾರಿದ. ಅದು ದುಬಾರಿಯಾದವನು ಕೊಂಡ. 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಘಟಕಗಳ ಕಣಮಾಲಿನ್ಯ ಶೇ. 20ರಿಂದ 30ರಷ್ಟು ಇಳಿಯಿತು. ಅಷ್ಟೇ ಮಾಲಿನ್ಯವನ್ನು ತಗ್ಗಿಸಲು ತಗಲುವ ವೆಚ್ಚವೂ ಹಳೆಯ ಕ್ರಮಕ್ಕಿಂತ ಶೇ. 11ರಷ್ಟು ಕಡಿಮೆಯಾಯಿತು.

ಮಾಪಕದ ಬೆಲೆ ಸಣ್ಣ ಉದ್ದಿಮೆದಾರನಿಗೆ ಹೊರೆ ಎಂಬ ಆಕ್ಷೇಪ ಸುಳ್ಳಲ್ಲ. ಕಾಲಕಾಲಕ್ಕೆ ಸರಿಹೊಂದಿಸದ ಯಂತ್ರವು ತಪ್ಪು ಅಂಕಿಗಳನ್ನು ಕೊಟ್ಟು ನಿರಪರಾಧಿಯನ್ನೂ ಸಿಕ್ಕಿಸಬಹುದು. ಆದರೆ ಇದಕ್ಕೆ ಪರಿಹಾರ ಮಾಪಕವನ್ನೇ ಬೇಡವೆನ್ನುವುದಲ್ಲ. ಪ್ರತಿ ಕೈಗಾರಿಕಾ ವಸಾಹತಿನಲ್ಲಿ ಮಾಪಕಗಳ ಪರಿಶೀಲನೆಗೆ ಸಾಮಾನ್ಯ ಸೌಲಭ್ಯ, ಸಣ್ಣ ಘಟಕಗಳಿಗೆ ಸಹಾಯಧನ, ನಗರದ ಎಲ್ಲ ಮೂಲಗಳ ಪಾಲನ್ನು ತೋರಿಸುವ ಬಹಿರಂಗ ಲೆಕ್ಕಪತ್ರ, ಈ ಮೂರನ್ನು ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದೆ ಒಕ್ಕೊರಲಿನಿಂದ ಇಡಬೇಕು.

ಶುದ್ಧ ಲೆಕ್ಕ ಇಟ್ಟ ವ್ಯಾಪಾರಿ ತಪಾಸಣೆಗೆ ಹೆದರುವುದಿಲ್ಲ. ಗಾಳಿಯ ಲೆಕ್ಕಕ್ಕೂ ಅದೇ ನ್ಯಾಯ ಸಲ್ಲುತ್ತದೆ. ತನ್ನ ಪಾಲನ್ನು ಅಳೆದು ತೋರಿಸಿದ ಉದ್ಯಮಕ್ಕೆ ಮಾತ್ರ ಉಳಿದವರ ಪಾಲೆಷ್ಟೆಂದು ಕೇಳುವ ಹಕ್ಕು ಬರುತ್ತದೆ.